ವಡಾಪಾವ್: ದಾದರ್ ಸ್ಟೇಷನ್ ಹೊರಗಿನ ಸ್ಯಾಂಡ್‌ವಿಚ್ ಮತ್ತು ನಮ್ಮ ಉಡುಪಿ ಹೋಟೆಲ್

ಇವತ್ತಿನದು ಹೊಟ್ಟೆ ಹಸಿಯೋ ವಿಷಯ. ಮುಂಬೈ, ಪುಣೆಯಲ್ಲಿರೋ ನಮ್ಮವರಿಗೆ ಈ ದೃಶ್ಯ ಗೊತ್ತು. ಆಫೀಸ್ ಮುಗಿಸಿ ಸ್ಟೇಷನ್‌ಗೆ ಬರ್ತೀರಿ. ಕಡಾಯಿಯಿಂದ ಆಗಷ್ಟೇ ತೆಗೆದ ವಡೆಯನ್ನ ಪಾವ್ ಒಳಗೆ ಒತ್ತಿ, ಕೆಂಪು ಬೆಳ್ಳುಳ್ಳಿ ಚಟ್ನಿ ಹಾಕಿ, ಕರಿದ ಹಸಿಮೆಣಸಿನಕಾಯಿ ಜೊತೆ ಪೇಪರಲ್ಲಿ ಕೊಡ್ತಾರೆ. ಪಾವ್ ಮೆತ್ತಗೆ, ವಡೆಯ ಹೊರಗೆ ಗರಿಗರಿ, ಒಳಗೆ ನಾಲಿಗೆ ಸುಡೋ ಆಲೂಗಡ್ಡೆ. ಎರಡು ಗುಕ್ಕಿಗೆ ಕಣ್ಣಲ್ಲಿ ನೀರು, ಆದರೂ ಕೈ ನಿಲ್ಲಲ್ಲ!

ಸ್ಯಾಂಡ್‌ವಿಚ್ ಅನ್ನೋ ಹೆಸರು ಬಂದದ್ದು 18ನೇ ಶತಮಾನದ ಇಂಗ್ಲೆಂಡಿನ ಜಾನ್ ಮಾಂಟೆಗು, ಅಂದ್ರೆ ನಾಲ್ಕನೇ ಅರ್ಲ್ ಆಫ್ ಸ್ಯಾಂಡ್‌ವಿಚ್ ಅವರಿಂದ. ಇಸ್ಪೀಟಿನ ಮೇಜು ಬಿಟ್ಟು ಏಳೋಕೆ ಮನಸ್ಸಿಲ್ಲದೆ ಬ್ರೆಡ್ ನಡುವೆ ಮಾಂಸ ಇಟ್ಟು ತರಿಸಿಕೊಂಡರು ಅನ್ನೋದು ಕತೆ. ಅದು ಪುರುಸೊತ್ತಿಲ್ಲದ ಶ್ರೀಮಂತರ ತಿಂಡಿ. ಮುಂಬೈನಲ್ಲಿ ಪುರುಸೊತ್ತಿಲ್ಲದವರು ಗಿರಣಿ ಕಾರ್ಮಿಕರು.

ವಡಾಪಾವ್ ಒಳಗೆ ಏನಿದೆ ನೋಡಿ. 'ಪಾವ್' ಪೋರ್ಚುಗೀಸ್ ಪದ. ಮರಾಠಿಯ 'ಬಟಾಟಾ' ಕೂಡ ಅವರದ್ದೇ. ಆಲೂಗಡ್ಡೆ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಸಮುದ್ರ ದಾಟಿ ಬಂದವು. ಪಾವ್ ಸುಡೋ ವಿದ್ಯೆ ಮುಂಬೈಗೆ ತಂದವರಲ್ಲಿ ಗೋವಾದ ಕ್ರೈಸ್ತ ಬೇಕರಿಯವರು ಮುಖ್ಯರು. ಮಡಿವಂತರ ಮನೆಗಳಲ್ಲಿ ಬಹಳ ಕಾಲ ಬ್ರೆಡ್ ಅಂದ್ರೆ ಮೈಲಿಗೆ. ಇನ್ನು ವಡೆ? ನಮ್ಮ ಆಲೂಬೋಂಡಾದ ಹತ್ತಿರದ ನೆಂಟ.

ಇವನ್ನೆಲ್ಲ ಒಂದು ಮಾಡಿದ್ದು ಅಶೋಕ್ ವೈದ್ಯ, 1966ರಲ್ಲಿ, ದಾದರ್ ಸ್ಟೇಷನ್ ಹೊರಗೆ ಅಂತ ಸಾಮಾನ್ಯವಾಗಿ ಹೇಳ್ತಾರೆ. ಜಾಗ ಸರಿಯಾಗೇ ಇತ್ತು. ದಾದರ್‌ನಲ್ಲಿ ಎರಡು ರೈಲು ಮಾರ್ಗಗಳು ಸೇರ್ತವೆ, ಪರೇಲ್, ಲಾಲ್‌ಬಾಗ್ ಗಿರಣಿಗಳು ಪಕ್ಕದಲ್ಲೇ. ಶಿಫ್ಟ್‌ಗೆ ಓಡುವವರಿಗೆ ತಟ್ಟೆ ಬೇಡ, ಕುರ್ಚಿ ಬೇಡ, ದುಡ್ಡೂ ಕಮ್ಮಿ.

ಅದೇ 1966ರ ಜೂನ್ 19ಕ್ಕೆ ಬಾಳ್ ಠಾಕ್ರೆ ಶಿವಸೇನೆ ಸ್ಥಾಪಿಸಿದರು. ಶುರುವಿನ ವರ್ಷಗಳಲ್ಲಿ ಅವರ ಸಿಟ್ಟು ದಕ್ಷಿಣ ಭಾರತೀಯರ ಮೇಲೆ. ಕನ್ನಡ, ತುಳು, ತಮಿಳು, ಮಲಯಾಳಂ ಯಾವುದೇ ಮಾತಾಡಲಿ, ಎಲ್ಲರೂ 'ಮದ್ರಾಸಿ'. ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ಬೋರ್ಡಿಂಗ್ ಶುರು ಮಾಡಿದ್ದರು. ಅಂಥವರ ಹಿಂದೆ ಬಂದ ಎಷ್ಟೋ ಕರಾವಳಿಯ ಹುಡುಗರು ಲೋಟ ತೊಳೆದು, ಮಾಣಿಯಾಗಿ, ಆಮೇಲೆ ಗಲ್ಲಾ ಪೆಟ್ಟಿಗೆವರೆಗೆ ಬಂದವರು. ಆ ಉಡುಪಿ ಹೋಟೆಲುಗಳ ಮೇಲೆ ದಾಳಿಗಳಾದವು. ಮರಾಠಿ ಯುವಕರು ಸ್ವಂತ ವ್ಯಾಪಾರ ಮಾಡಲಿ ಅಂತ ಪಕ್ಷ ವಡಾಪಾವ್ ಗಾಡಿಗಳ ಬೆನ್ನಿಗೆ ನಿಂತಿತು. ಇಡ್ಲಿ-ದೋಸೆಗೆ ಪ್ರತಿಯಾಗಿ 'ನಮ್ಮ ತಿಂಡಿ' ಅನ್ನೋ ಪಟ್ಟ ವಡಾಪಾವ್‌ಗೆ ಸಿಕ್ಕಿತು. ಪೋರ್ಚುಗೀಸರ ಬ್ರೆಡ್ಡು, ಅಮೆರಿಕದ ಆಲೂಗಡ್ಡೆ ಸೇರಿ 'ಮಣ್ಣಿನ ಮಗ' ಆಯ್ತು ನೋಡಿ!

ಆದರೆ ಈ ಗಾಡಿಗಳ ಹಿಂದೆ ನೋವಿನ ಕತೆಯೂ ಇದೆ. 1982ರ ಜನವರಿ 18ಕ್ಕೆ ದತ್ತಾ ಸಾಮಂತ್ ನಾಯಕತ್ವದಲ್ಲಿ ಗಿರಣಿ ಮುಷ್ಕರ ಶುರುವಾಯ್ತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಆ ಮುಷ್ಕರ ಗೆಲ್ಲಲೇ ಇಲ್ಲ. ಎಷ್ಟೋ ಗಿರಣಿಗಳು ಮತ್ತೆ ತೆರೆಯಲಿಲ್ಲ. ಕೆಲಸ ಕಳಕೊಂಡ ಕೆಲವರು ಬೀದಿಬದಿ ವ್ಯಾಪಾರಕ್ಕೆ ಇಳಿದರು, ವಡಾಪಾವ್ ಗಾಡಿಯೂ ಅದರಲ್ಲೊಂದು. ಒಂದು ಕಾಲಕ್ಕೆ ಕೊಂಡು ತಿನ್ನುತ್ತಿದ್ದವರು ಈಗ ಕರಿದು ಮಾರೋಕೆ ನಿಂತರು.

ಲೋವರ್ ಪರೇಲ್‌ನಲ್ಲಿ ಕೆಲಸ ಮಾಡೋರು ಇದನ್ನ ಗಮನಿಸಿ. ಅಲ್ಲಿನ ಎಷ್ಟೋ ಗಾಜಿನ ಆಫೀಸು, ಮಾಲ್‌ಗಳು ನಿಂತಿರೋದು ಗಿರಣಿಗಳ ಜಾಗದಲ್ಲೇ. ಹಳೇ ಚಿಮಣಿ ಕೆಲವು ಕಡೆ ಈಗಲೂ ಕಾಣುತ್ತೆ.

ಇವತ್ತು ಶೆಟ್ರ ಹೋಟೆಲಲ್ಲಿ ಇಡ್ಲಿ ಪಕ್ಕದಲ್ಲೇ ವಡಾಪಾವ್ ಸಿಗುತ್ತೆ. ಜಗಳ ಆಡಿದ ಎರಡು ತಿಂಡಿ ಒಂದೇ ಮೆನುವಿನಲ್ಲಿ ಕೂತಿವೆ. ಹೊರಊರಲ್ಲಿ ದುಡಿಯೋ ನಮಗೆ ಇದು ನೆನಪಿರಲಿ: ಬೇರೆ ಊರಿಂದ ಬಂದವರು ಅಂತ ಬೈಸಿಕೊಂಡವರ ಸಾಲಲ್ಲಿ ನಮ್ಮ ಹಿರಿಯರೂ ಇದ್ದರು. ಬೆಂಗಳೂರಿಗೆ ವಾಪಸ್ ಹೋದಾಗ ಅಲ್ಲಿಗೆ ಬಂದವರ ಬಗ್ಗೆ ಮಾತಾಡೋ ಮುಂಚೆ ಒಂದು ಸಲ ಇದನ್ನ ಯೋಚಿಸೋಣ.

ಅಷ್ಟರಲ್ಲಿ ವಡೆ ಆರೋಕೆ ಬಿಡಬೇಡಿ, ನಿಂತುಕೊಂಡೇ ಬಿಸಿಬಿಸಿ ತಿನ್ನಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.