ಮೇರಿ ಶೆಲ್ಲಿಯ ಓದಿನ ದಿನಚರಿಯೂ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯೂ

ಕಾದಂಬರಿಯೊಂದರ ಆಶಯಗಳು ಇಂತಿಂಥವು ಎಂದು ಹೇಳುವುದು ಸುಲಭ. ಅವು ಗ್ರಂಥಕರ್ತೃವಿನ ಮನಸ್ಸನ್ನು ಯಾವ ದಾರಿಯಿಂದ ಹೊಕ್ಕವೆಂದು ತೋರಿಸುವುದು ಕಷ್ಟ. ೧೮೧೮ರ ಜನವರಿ ೧ರಂದು ಲಂಡನ್ನಿನಲ್ಲಿ ಕರ್ತೃವಿನ ಹೆಸರಿಲ್ಲದೆ ಹೊರಬಂದ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯ ವಿಷಯದಲ್ಲಿ ಈ ಕಷ್ಟ ಒಂದಿಷ್ಟು ಹಗುರವಾಗಿದೆ. ಅದನ್ನು ಬರೆದ ಮೇರಿ ಶೆಲ್ಲಿ ತಾನು ಓದಿದ ಪುಸ್ತಕಗಳನ್ನು ದಿನಚರಿಯಲ್ಲಿ ಗುರುತಿಸಿಡುತ್ತಿದ್ದಳು. ೧೮೧೪ರ ಜುಲೈ ತಿಂಗಳಲ್ಲಿ ಕವಿ ಪರ್ಸಿ ಶೆಲ್ಲಿಯೊಡನೆ ಮನೆಬಿಟ್ಟು ಹೊರಟಾಗ ಈ ದಿನಚರಿ ಮೊದಲಾಯಿತು. ಆಗ ಆಕೆಗೆ ಹದಿನಾರು ವರ್ಷ.

ಇದನ್ನು ತೆರೆದವರಿಗೆ ಮೊದಲು ನಿರಾಶೆಯೇ ಆದೀತು. ಗ್ರಂಥದ ಹೆಸರುಂಟು, ಅಭಿಪ್ರಾಯ ಬಹುಮಟ್ಟಿಗೆ ಇಲ್ಲ. ಆದರೆ ತಾರೀಖುಗಳನ್ನು ಕಾದಂಬರಿಯ ಪಕ್ಕದಲ್ಲಿಟ್ಟು ನೋಡಿದರೆ ಆ ಬರಿಯ ಹೆಸರುಗಳೇ ಮಾತನಾಡತೊಡಗುತ್ತವೆ. ೧೮೧೬ರ ಅಕ್ಟೋಬರ್ ಕೊನೆಯಲ್ಲಿ, ಕಥೆ ಬೆಳೆಯುತ್ತಿದ್ದ ಕಾಲಕ್ಕೇ, ಹಂಫ್ರಿ ಡೇವಿಯ ರಸಾಯನಶಾಸ್ತ್ರ ಗ್ರಂಥವನ್ನು ಆಕೆ ಓದುತ್ತಿದ್ದಳು. ಕಾದಂಬರಿಯಲ್ಲಿ ವಾಲ್ಡ್‌ಮನ್ ಎಂಬ ಪ್ರಾಧ್ಯಾಪಕನು ಆಧುನಿಕ ರಸಾಯನಜ್ಞರನ್ನು ಕೊಂಡಾಡುವ ಭಾಗಕ್ಕೂ ಈ ಓದಿಗೂ ಸಂಬಂಧವಿಲ್ಲವೆನ್ನಲು ಧೈರ್ಯ ಬೇಕು. ಮಿಲ್ಟನ್ ಕವಿಯ ‘ಪ್ಯಾರಡೈಸ್ ಲಾಸ್ಟ್’ ೧೮೧೫ರ ಪಟ್ಟಿಯಲ್ಲಿದೆ. ಕಾಡಿನಲ್ಲಿ ಸಿಕ್ಕಿದ ಚರ್ಮದ ಪೆಟ್ಟಿಗೆಯಿಂದ ಆ ವಿಕೃತ ಜೀವಿ ತೆಗೆದು ಓದುವ ಮೂರು ಗ್ರಂಥಗಳಲ್ಲಿ ಅದೂ ಒಂದು; ಉಳಿದವು ಪ್ಲೂಟಾರ್ಕನ ಚರಿತ್ರೆಗಳು ಮತ್ತು ಗಯಟೆಯ ‘ವೆರ್ಟರ್’. ಆದಾಮನಿಗೆ ತನ್ನನ್ನು ಕಾಯುವ ಸೃಷ್ಟಿಕರ್ತನಿದ್ದನು, ತನಗಿಲ್ಲ ಎಂಬ ಅರಿವು ಆ ಜೀವಿಗೆ ಓದಿನಿಂದಲೇ ಉಂಟಾಗುತ್ತದೆ. ಈ ಕೃತಿಯನ್ನು ಕೇವಲ ವಿಜ್ಞಾನದ ವಿರುದ್ಧದ ಎಚ್ಚರಿಕೆಯೆಂದು ಪಾಠ ಹೇಳುವ ರೂಢಿ ನಮಗೆ ಸಾಲದೆಂದು ತೋರುತ್ತದೆ. ಹುಟ್ಟಿಸಿದವನು ಕೈಬಿಟ್ಟ ಕೂಸಿನ ಪ್ರಶ್ನೆ ಇದರಲ್ಲಿ ಇನ್ನೂ ಆಳವಾಗಿದೆ.

ಅದೇ ದಿನಚರಿಯಲ್ಲಿ ಓದಿಗೆ ಸೇರದ ಇನ್ನೊಂದು ಸಂಗತಿಯಿದೆ. ೧೮೧೫ರ ಫೆಬ್ರವರಿಯಲ್ಲಿ ದಿನ ತುಂಬದೆ ಹುಟ್ಟಿದ ಹೆಣ್ಣುಮಗು ಮಾರ್ಚ್ ೬ರಂದು ತೀರಿಕೊಂಡಿತು. ಕೆಲದಿನಗಳ ಮೇಲೆ, ಬೆಂಕಿಯ ಮುಂದೆ ತಿಕ್ಕಿದಾಗ ಮಗು ಮರಳಿ ಜೀವ ತಳೆದಂತೆ ತಾಯಿ ಕನಸು ಕಂಡಳು. ಕಾದಂಬರಿಗೆ ಇದೊಂದೇ ಕೀಲಿಕೈ ಎನ್ನುವವರ ಆತುರವನ್ನು ನಾವು ಒಪ್ಪೆವು. ಆದರೂ ಇದನ್ನು ಓದಿದ ಮೇಲೆ ಜೀವ ಬರಿಸುವ ಆ ಅಧ್ಯಾಯವನ್ನು ಮೊದಲಿನಂತೆ ಓದುವುದು ಸಾಧ್ಯವಿಲ್ಲ.

ಇನ್ನು ದಿನಚರಿಯ ದೊಡ್ಡ ಕೊರತೆ. ೧೮೧೫ರ ಮೇ ತಿಂಗಳಿಂದ ೧೮೧೬ರ ಜುಲೈವರೆಗಿನ ಸಂಪುಟ ಕಳೆದುಹೋಗಿದೆ. ಜಿನೀವಾ ಸರೋವರದ ದಂಡೆಯಲ್ಲಿ ಬೈರನ್ ಕವಿಯ ಬಿಡಾರದಲ್ಲಿ ಕಥೆ ಹುಟ್ಟಿದ ಜೂನ್ ತಿಂಗಳು ಈ ಕಾಲಕ್ಕೇ ಸೇರಿದುದು! ಉಳಿದ ಪುಟಗಳಲ್ಲಿ ಕಥೆಯ ಪ್ರಸ್ತಾಪ ಮೊದಲು ಬರುವುದು ಜುಲೈ ೨೪ರಂದು. ಅದಕ್ಕೂ ಹಿಂದಿನದಕ್ಕೆ ೧೮೩೧ರ ಆವೃತ್ತಿಗೆ ಮೇರಿ ಬರೆದ ಮುನ್ನುಡಿಯನ್ನು ಎಲ್ಲರೂ ಆಶ್ರಯಿಸುತ್ತಾರೆ. ದಿನಗಟ್ಟಲೆ ತನಗೆ ಕಥೆಯೇ ಹೊಳೆಯಲಿಲ್ಲವೆಂದು ಅದರಲ್ಲಿ ಆಕೆ ಹೇಳಿದ್ದಾಳೆ. ಬೈರನ್ನನ ವೈದ್ಯನಾಗಿದ್ದ ಪಾಲಿಡೊರಿಯೂ ದಿನಚರಿ ಇಟ್ಟಿದ್ದನು. ಅದು ಅಚ್ಚಾದುದು ೧೯೧೧ರಲ್ಲಿ. ತನ್ನ ಹೊರತು ಮಿಕ್ಕವರೆಲ್ಲ ಕಥೆ ಆರಂಭಿಸಿದ್ದಾರೆಂದು ಜೂನ್ ೧೭ರಂದು ಅವನು ಬರೆದಿದ್ದಾನೆ. ಹದಿನೈದು ವರ್ಷ ಕಳೆದು ಬರೆದ ನೆನಪಿಗಿಂತ ಅಂದಂದೇ ಗುರುತಿಸಿದ ಒಂದು ಸಾಲಿಗೆ ನಾವು ಹೆಚ್ಚು ಬೆಲೆ ಕೊಡುತ್ತೇವೆ; ಆದರೆ ಪಾಲಿಡೊರಿಯ ಮೂಲಪ್ರತಿಯನ್ನು ಅವನ ತಂಗಿ ತನಗೆ ಒಪ್ಪದ ಭಾಗಗಳನ್ನು ಬಿಟ್ಟು ನಕಲು ಮಾಡಿಕೊಂಡು ನಾಶಪಡಿಸಿದಳೆಂಬುದನ್ನೂ ವಿದ್ಯಾರ್ಥಿಗಳು ಮರೆಯತಕ್ಕದ್ದಲ್ಲ.