ಕವಣೆ

ಬಳ್ಳಾರಿಯ ಸಿರುಗುಪ್ಪ, ಕುರುಗೋಡು ಕಡೆಯವರ ಬಾಯಲ್ಲಿ ಕವಣೆ ‘ಕವಣಿ’. ತಮಿಳಿನಲ್ಲಿ ‘ಕವಣ್’, ಆದ್ದರಿಂದ ಹಳೆಯ ದ್ರಾವಿಡ ಪದ. ನೆರೆಯ ತೆಲುಗಿನಲ್ಲಿ ಮಾತ್ರ ‘ವಡಿಸೆಲ’.

ಎರಡು ಹುರಿ, ನಡುವೆ ಕಲ್ಲಿಡುವ ಬಟ್ಟಲು, ಅಷ್ಟೆ. ಬೀಸಿ ಒಂದು ಹುರಿ ಬಿಟ್ಟರೆ ತೋಳೇ ಉದ್ದವಾದಂತಾಗಿ ಕಲ್ಲು ಕೈಯೆಸೆತಕ್ಕಿಂತ ಬಹು ವೇಗವಾಗಿ ಹಾರುತ್ತದೆ, ತಲೆಬುರುಡೆಯನ್ನೂ ಒಡೆಯಬಲ್ಲದು. ಮೆಡಿಟರೇನಿಯನ್ನಿನ ಬಾಲಿಯಾರಿಕ್ ದ್ವೀಪಗಳ ಕವಣೆಗಾರರನ್ನು ರೋಮನ್ನರು ಸೈನ್ಯಕ್ಕೆ ಸೇರಿಸಿಕೊಂಡಿದ್ದರು. ದೈತ್ಯ ಗೊಲ್ಯಾತನನ್ನು ದಾವೀದ ಕೆಡವಿದ್ದೂ ಕನ್ನಡ ಬೈಬಲಿನಲ್ಲಿ ಕವಣೆಯಿಂದಲೇ.

ನಮ್ಮ ರೈತನಿಗಾದರೋ ಕವಣೆ ಹಕ್ಕಿಗಳಿಂದ ಜೋಳದ ತೆನೆ ಕಾಯುವ ಸಾಧನ. ರಬ್ಬರಿನ ಕವೆಗೋಲು ಬೇರೆ, ಎರಡನ್ನೂ ಬೆರೆಸಬೇಡಿ. ನಿಮ್ಮೂರಿನಲ್ಲಿ ಕವಣೆಗೆ ಬೇರೆ ಹೆಸರಿದ್ದರೆ ಹಿರಿಯರಿಂದ ಕೇಳಿ ಬರೆದಿಡಿ.