ಬೇಡದ ಧೂಳಿನ ಚುಕ್ಕಿ ಸಾಲು

ಚುಕ್ಕಿ ರಂಗೋಲಿಯಲ್ಲಿ ಚುಕ್ಕಿ ಇಡುವುದಕ್ಕೆ ಎರಡು ಬಗೆ. ಒಂದರ ಕೆಳಗೊಂದು ನೇರವಾಗಿ ಇಡುವುದು ಒಂದು. ಮೇಲಿನ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಸರಿಯಾಗಿ ಕೆಳಗಿನದನ್ನು ಇಡುವುದು ಇನ್ನೊಂದು. ಎರಡನೆಯ ಬಗೆಯಲ್ಲಿ ಪ್ರತಿ ಚುಕ್ಕಿಯ ಸುತ್ತಲೂ ಆರು ಚುಕ್ಕಿಗಳು ಬರುತ್ತವೆ. ಜರ್ಮನಿಯ ಗಾರ್ಶಿಂಗ್‌ನ ವಿಜ್ಞಾನಿಗಳು 1994ರಲ್ಲಿ ಪ್ರಕಟಿಸಿದ ಚಿತ್ರ ನೋಡಿದಾಗ ನನಗೆ ನೆನಪಾದದ್ದು ಈ ಎರಡನೆಯ ಬಗೆ. ವ್ಯತ್ಯಾಸವೆಂದರೆ, ಅಲ್ಲಿ ಚುಕ್ಕಿಗಳನ್ನು ಒಂದೊಂದಾಗಿ ಇಟ್ಟವರು ಯಾರೂ ಇರಲಿಲ್ಲ.

ಈ ಚಿತ್ರದ ಹಿಂದಿನ ಚರಿತ್ರೆ ಶುರುವಾಗುವುದು ಒಂದು ತಲೆನೋವಿನಿಂದ. ಕಂಪ್ಯೂಟರ್ ಚಿಪ್ ತಯಾರಿಕೆಯಲ್ಲಿ ಸಿಲಿಕಾನ್ ಬಿಲ್ಲೆಗಳನ್ನು ಕೊರೆಯಲು ಪ್ಲಾಸ್ಮಾ ಬೇಕು. ಕಡಿಮೆ ಒತ್ತಡದ ಅನಿಲಕ್ಕೆ ರೇಡಿಯೋ ಆವರ್ತನದ ವಿದ್ಯುತ್ ಕೊಟ್ಟರೆ, ಸಾಮಾನ್ಯವಾಗಿ 13.56 ಮೆಗಾಹರ್ಟ್ಸ್, ಅನಿಲದ ಒಂದಷ್ಟು ಪರಮಾಣುಗಳು ಒಡೆದು ಎಲೆಕ್ಟ್ರಾನ್ ಮತ್ತು ಅಯಾನುಗಳಾಗುತ್ತವೆ, ಅನಿಲ ಹೊಳೆಯುತ್ತದೆ. ಇಂಥ ಬಿಲ್ಲೆಗಳ ಮೇಲೆ ಧೂಳು ಕೂತರೆ ಚಿಪ್ ಕೆಟ್ಟಂತೆ. ಅದಕ್ಕೇ ಕೆಲಸಗಾರರು ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡು, ಸೋಸಿದ ಗಾಳಿಯ ಕೋಣೆಗಳಲ್ಲಿ ದುಡಿಯುತ್ತಿದ್ದರು. ಆದರೂ ಧೂಳು ಬರುತ್ತಿತ್ತು.

1980ರ ದಶಕದ ಕೊನೆಯಲ್ಲಿ ಐಬಿಎಂನ ಗ್ಯಾರಿ ಸೆಲ್ವಿನ್ ಪ್ಲಾಸ್ಮಾದೊಳಗಿನ ಅನಿಲಗಳನ್ನು ಅಳೆಯಲು ಲೇಸರ್ ಹಾಯಿಸಿದರು. ಅವರು ಹುಡುಕುತ್ತಿದ್ದ ಮಂದ ಬೆಳಕನ್ನು ಧೂಳಿನಿಂದ ಚದುರಿದ ಬೆಳಕು ಮುಚ್ಚಿಹಾಕಿತು. ಧೂಳು ಹೊರಗಿನಿಂದ ಬಂದದ್ದಲ್ಲ, ಪ್ಲಾಸ್ಮಾದ ಅನಿಲಗಳಿಂದಲೇ ಹುಟ್ಟಿ ಅಲ್ಲೇ ತೇಲುತ್ತಿದೆ ಎಂಬುದು ಆಮೇಲೆ ಸ್ಪಷ್ಟವಾಯಿತು. ವಿದ್ಯುತ್ ನಿಲ್ಲಿಸಿದ ಕೂಡಲೇ ಅದು ಬಿಲ್ಲೆಯ ಮೇಲೆ ಉದುರುತ್ತಿತ್ತು. ಕೆಲಸಗಾರರ ಬಟ್ಟೆಯನ್ನು ಅನುಮಾನಿಸುತ್ತಿದ್ದಾಗ ತಪ್ಪು ಯಂತ್ರದ ಹೊಟ್ಟೆಯಲ್ಲೇ ಇತ್ತು.

ಆ ಧೂಳು ತೇಲುವುದಾದರೂ ಹೇಗೆ? ಎಲೆಕ್ಟ್ರಾನ್‌ಗಳು ಹಗುರ, ವೇಗ ಹೆಚ್ಚು. ಅಯಾನುಗಳಿಗಿಂತ ಮೊದಲು ಅವೇ ಕಣಕ್ಕೆ ಬಡಿದು ಅಂಟಿಕೊಳ್ಳುತ್ತವೆ. ಹೀಗೆ ಒಂದೊಂದು ಕಣದ ಮೇಲೂ ಸಾವಿರಾರು ಎಲೆಕ್ಟ್ರಾನ್‌ಗಳ ಋಣ ವಿದ್ಯುದಂಶ ಕೂಡುತ್ತದೆ. ಕೆಳಗಿನ ತಟ್ಟೆಯ ಬಳಿಯ ವಿದ್ಯುತ್ ಕ್ಷೇತ್ರ ಅದನ್ನು ಮೇಲಕ್ಕೆ ತಳ್ಳುತ್ತದೆ, ಭೂಮಿ ಕೆಳಕ್ಕೆ ಎಳೆಯುತ್ತದೆ. ಎರಡೂ ಸಮವಾದ ಎತ್ತರದಲ್ಲಿ ಕಣ ನಿಲ್ಲುತ್ತದೆ. ಅಕ್ಕಪಕ್ಕದ ಕಣಗಳೂ ಪರಸ್ಪರ ದೂರ ತಳ್ಳುತ್ತವೆ. ಆದರೆ ಹರಡಿಹೋಗಲು ಜಾಗವಿಲ್ಲ.

ಈ ತಳ್ಳಾಟದ ಶಕ್ತಿ ಕಣಗಳ ಉಷ್ಣ ಚಲನೆಯ ಶಕ್ತಿಗಿಂತ ಬಹಳ ಹೆಚ್ಚಾದರೆ ಅವು ಹರಳಿನಂತೆ ಸಾಲುಗಟ್ಟಬೇಕು ಎಂದು ಇಕೇಝಿ 1986ರಲ್ಲೇ ಲೆಕ್ಕ ಹಾಕಿದ್ದರು. 1994ರಲ್ಲಿ ಮೂರು ತಂಡಗಳು ಅದನ್ನು ಕಂಡವು. ತೈವಾನಿನ ಚು ಮತ್ತು ಐ ಲಿನ್ ಬಳಸಿದ್ದು ಸುಮಾರು 10 ಮೈಕ್ರೋಮೀಟರಿನ ಸಿಲಿಕಾ ಕಣ. ಜಪಾನಿನ ಹಯಾಶಿ ಮತ್ತು ತಾಚಿಬಾನಾ ಮೀಥೇನ್ ಪ್ಲಾಸ್ಮಾದಲ್ಲೇ ಇಂಗಾಲದ ಕಣ ಬೆಳೆಸಿದರು. ಗಾರ್ಶಿಂಗ್‌ನಲ್ಲಿ ಥಾಮಸ್, ಮಾರ್ಫಿಲ್ ಮತ್ತು ಸಂಗಡಿಗರು 7 ಮೈಕ್ರೋಮೀಟರಿನ ಕಣಗಳನ್ನು ಆರ್ಗಾನ್ ಪ್ಲಾಸ್ಮಾದಲ್ಲಿ ತೇಲಿಸಿದರು. ಆ ಹರಳು ಬರಿಗಣ್ಣಿಗೇ ಕಾಣುತ್ತಿತ್ತು. ಉಪ್ಪಿನ ಹರಳಿನಲ್ಲಿ ಪರಮಾಣುಗಳನ್ನು ಊಹಿಸಿಕೊಳ್ಳಬೇಕು. ಇಲ್ಲಿ ಒಂದೊಂದು ಕಣವನ್ನೂ ಕ್ಯಾಮೆರಾದಲ್ಲಿ ಹಿಂಬಾಲಿಸಬಹುದಿತ್ತು.

ಈ ಚರಿತ್ರೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಹಯಾಶಿಯವರ ಇಂಗಾಲದ ಕಣ. ಒಂದು ಕಡೆ ಪ್ಲಾಸ್ಮಾದಲ್ಲಿ ಹುಟ್ಟುವ ಧೂಳನ್ನು ತಡೆಯಲು ಹಣ ಸುರಿಯುತ್ತಿದ್ದ ಕಾಲದಲ್ಲೇ ಇನ್ನೊಂದು ಕಡೆ ಅದನ್ನು ಬೇಕೆಂದೇ ಬೆಳೆಸಲಾಯಿತು. ಧೂಳಿನ ಗುಣ ಬದಲಾಗಿರಲಿಲ್ಲ, ಅದಕ್ಕೆ ಕೇಳಿದ ಪ್ರಶ್ನೆ ಬದಲಾಗಿತ್ತು.

ಹಾಗೆಂದು ಇದನ್ನು ತಾನೇ ತಾನಾಗಿ ಆದ ಪವಾಡ ಎನ್ನಲಾರೆ. ಯಾವ ಕಣ ಎಲ್ಲಿರಬೇಕೆಂದು ಯಾರೂ ಹೇಳಲಿಲ್ಲ, ನಿಜ. ಆದರೆ ಅಂಗಳ ನಮ್ಮದು, ವಿದ್ಯುತ್ತೂ ನಮ್ಮದು. 2001ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ರಷ್ಯಾ ಮತ್ತು ಜರ್ಮನಿ ಕೂಡಿ ಇದೇ ಪ್ರಯೋಗ ನಡೆಸಿದಾಗ, ತೂಕವಿಲ್ಲದ ಕಣಗಳು ಇಡೀ ಜಾಗವನ್ನು ತುಂಬಬಹುದಿತ್ತು. ತುಂಬಲಿಲ್ಲ. ನಡುವೆ ಒಂದು ಖಾಲಿ ಉಳಿಯಿತು. ಹೊರಕ್ಕೆ ಹರಿಯುವ ಅಯಾನುಗಳು ಕಣಗಳನ್ನು ತಮ್ಮೊಡನೆ ತಳ್ಳಿಕೊಂಡು ಹೋಗುತ್ತವೆ ಎಂಬುದು ಅದಕ್ಕೆ ಕೊಡುವ ಕಾರಣ. ಭೂಮಿಯ ಎಳೆತ ತಪ್ಪಿದರೂ ಪ್ಲಾಸ್ಮಾದ ಹರಿವಿನಿಂದ ಬಿಡುಗಡೆ ಸಿಗಲಿಲ್ಲ.

ಭೂಮಿಯ ಮೇಲಿನ ಪ್ರಯೋಗಾಲಯದಲ್ಲಿ ಸ್ವಿಚ್ ಆರಿಸಿದರೆ ಸಾಲುಗಳು ಕುಸಿದು ಕಣಗಳು ಕೆಳಗಿನ ತಟ್ಟೆಯ ಮೇಲೆ ಬೀಳುತ್ತವೆ. ಮುಂದಿನ ಪ್ರಯೋಗಕ್ಕೆ ಮೊದಲು ಅದನ್ನು ಯಾರಾದರೂ ಒರೆಸಬೇಕು. ಒರೆಸುವವರ ಕೈಗೆ ಅದು ಮತ್ತೆ ಬರೀ ಧೂಳು.